ತೌಲನಿಕ ಸಾಹಿತ್ಯ ವ್ಯಾಸಂಗದಲ್ಲಿ ವಚನಾನುವಾದದ ಸ್ಥಾನ

ಸಾಹಿತ್ಯವನ್ನು ವ್ಯಾಸಂಗ ಮಾಡುವ ಕ್ರಮಗಳು ಹಲವು. ಒಂದು ಭಾಷೆಯ ಕೃತಿಗಳನ್ನು ಆ ಭಾಷೆಯ ವ್ಯಾಕರಣ, ಛಂದಸ್ಸು, ಪರಂಪರೆಗಳೊಡನೆ ಗುರುಮುಖದಿಂದ ಅರಿಯುವುದು ಒಂದು ಕ್ರಮ. ಹಲವು ಭಾಷೆಗಳ ಕೃತಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು, ಅವುಗಳ ಸಾಮ್ಯ ವೈಷಮ್ಯಗಳನ್ನೂ ಕೊಡುಕೊಳ್ಳುವಿಕೆಯನ್ನೂ ಪರಿಶೀಲಿಸುವುದು ಇನ್ನೊಂದು ಕ್ರಮ. ಈ ಎರಡನೆಯದಕ್ಕೆ ವಿಶ್ವವಿದ್ಯಾಲಯಗಳಲ್ಲಿ ತೌಲನಿಕ ಸಾಹಿತ್ಯವೆಂದು ಹೆಸರು. ಅದರ ಜೊತೆಯಲ್ಲಿಯೇ ಸಾಹಿತ್ಯಾನುವಾದವೂ ಒಂದು ಶಾಸ್ತ್ರವಾಗಿ ಬೆಳೆದು, ಪದವಿ ಪರೀಕ್ಷೆಗಳಿಗೆ ವಿಷಯವಾಗಿದೆ. ಈ ವ್ಯಾಸಂಗಕ್ಕೆ ನಮ್ಮ ಶರಣರ ವಚನಗಳು ಪಠ್ಯವಾಗಿ ಒದಗುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಅವು ಯಾವ ರೂಪದಲ್ಲಿ ಒದಗುತ್ತಿವೆ, ಆ ರೂಪದಿಂದ ವಿದ್ಯಾರ್ಥಿಗಳು ಯಾವ ತೀರ್ಮಾನಗಳಿಗೆ ಬರುತ್ತಿದ್ದಾರೆ ಎಂಬುದನ್ನು ವಿಚಾರಿಸುವುದು ಅವಶ್ಯವೆಂದು ತೋರಿ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ಇದಕ್ಕೆ ಕಾರಣವಾದ ಪ್ರಸಂಗವನ್ನು ಮೊದಲು ಹೇಳಬೇಕು. ಕಳೆದ ಶ್ರಾವಣದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನ ಮಗಳು ಊರಿಗೆ ಬಂದಿದ್ದಳು. ದೂರದ ಒಂದು ವಿಶ್ವವಿದ್ಯಾಲಯದಲ್ಲಿ ತೌಲನಿಕ ಸಾಹಿತ್ಯದಲ್ಲಿ ಎಂ.ಎ. ಓದುತ್ತಿರುವವಳು, ಬುದ್ಧಿವಂತೆ, ವಿನಯವಂತೆ. ಅಕ್ಕಮಹಾದೇವಿಯನ್ನು ಸ್ಪೇನ್ ದೇಶದ ಆವಿಲಾ ಪಟ್ಟಣದ ಸಂತ ತೆರೇಸಳೊಡನೆ ತುಲನೆ ಮಾಡಿ ಬರೆದ ಪ್ರಬಂಧವೊಂದನ್ನು ನನ್ನ ಕೈಗಿತ್ತು, "ಅಜ್ಜಾರ, ತಪ್ಪಿದ್ದರ ತಿದ್ದಿಕೊಡ್ರಿ" ಎಂದಳು. ಓದಿದೆ. ಅಕ್ಕನ ವಚನಗಳಲ್ಲಿ ಬಿಳಿಯ ಬಣ್ಣವು ಪಾವಿತ್ರ್ಯದ ಸಂಕೇತವೆಂದೂ, ಕ್ರೈಸ್ತ ಪರಂಪರೆಯ ಬಿಳಿಯ ಲಿಲ್ಲಿ ಹೂವಿಗೆ ಅದು ಸಮಾನವೆಂದೂ, ಆದಕಾರಣ ಇಬ್ಬರು ಸಂತರ ಭಾವಲೋಕವು ಒಂದೇ ಎಂದೂ ಆಕೆ ನಾಲ್ಕು ಪುಟಗಳಲ್ಲಿ ವಾದಿಸಿದ್ದಳು. ವಾದದ ಸರಣಿ ಚೆನ್ನಾಗಿತ್ತು. ಆದರೆ ಅಕ್ಕನ ವಚನಗಳಲ್ಲಿ ಈ ಬಿಳಿಯ ಬಣ್ಣವು ಮತ್ತೆ ಮತ್ತೆ ಎಲ್ಲಿ ಬರುತ್ತದೆ? ಕೇಳಿದೆ. ಆಕೆ ತನ್ನ ಚೀಲದಿಂದ ಕೆಲವು ಜೆರಾಕ್ಸ್ ಹಾಳೆಗಳನ್ನು ತೆಗೆದು ತೋರಿಸಿದಳು. ಪ್ರತಿಯೊಂದು ವಚನದ ಕೊನೆಯಲ್ಲಿಯೂ ಆ ಬಿಳುಪು ಇತ್ತು. ಅದು ಅಕ್ಕನ ಅಂಕಿತ. ಚೆನ್ನಮಲ್ಲಿಕಾರ್ಜುನ ಎಂಬ ಹೆಸರು ಇಂಗ್ಲಿಷಿನಲ್ಲಿ 'ಮಲ್ಲಿಗೆಯಂತೆ ಬೆಳ್ಳಗಿರುವ ಒಡೆಯ' ಎಂದಾಗಿತ್ತು.

ಹಾಳೆಗಳು ಶ್ರೀ ಎ. ಕೆ. ರಾಮಾನುಜನ್ ಅವರ 'ಸ್ಪೀಕಿಂಗ್ ಆಫ್ ಶಿವ' ಎಂಬ ಗ್ರಂಥದವು. ೧೯೭೩ರಲ್ಲಿ ಪೆಂಗ್ವಿನ್ ಪ್ರಕಾಶನದಿಂದ ಹೊರಬಂದ ಈ ಗ್ರಂಥವು ವಚನಗಳನ್ನು ಜಗತ್ತಿನ ಓದುಗರಿಗೆ ಪರಿಚಯಿಸಿದ ಮಟ್ಟಿಗೆ ಬೇರೊಂದು ಗ್ರಂಥವು ಪರಿಚಯಿಸಿಲ್ಲ. ಮೈಸೂರಿನಲ್ಲಿ ೧೯೨೯ರಲ್ಲಿ ಹುಟ್ಟಿ, ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಅಧ್ಯಾಪಕರಾಗಿದ್ದು, ೧೯೯೩ರಲ್ಲಿ ತೀರಿಕೊಂಡ ರಾಮಾನುಜನ್ ಅವರು ಭಾಷಾವಿಜ್ಞಾನಿಗಳು, ಸ್ವತಃ ಕವಿಗಳು. ಅವರ ಶ್ರಮಕ್ಕೆ ಕನ್ನಡಿಗರು ಋಣಿಗಳು. ಅವರನ್ನು ಖಂಡಿಸುವುದು ನನ್ನ ಉದ್ದೇಶವಲ್ಲ. ಅನುವಾದವನ್ನು ವಿದ್ಯಾರ್ಥಿಯು ಹೇಗೆ ಓದಬೇಕೆಂಬುದೇ ಇಲ್ಲಿಯ ಪ್ರಶ್ನೆ.

ತೌಲನಿಕ ಸಾಹಿತ್ಯವು ಪ್ರಾರಂಭದಿಂದಲೂ ಅನುವಾದದ ಹೆಗಲೇರಿಯೇ ನಡೆದಿದೆ. ಜರ್ಮನಿಯ ಮಹಾಕವಿ ಗಯಟೆಯು ೧೮೨೭ರಲ್ಲಿ ತನ್ನ ಆಪ್ತನಾದ ಎಕರ್‌ಮನ್ನನೊಡನೆ ಚೀನಾ ದೇಶದ ಕಾದಂಬರಿಯೊಂದರ ವಿಷಯ ಮಾತನಾಡುತ್ತ ವಿಶ್ವಸಾಹಿತ್ಯದ ಯುಗವು ಸಮೀಪಿಸಿತೆಂದು ಹೇಳಿದ್ದು ಪ್ರಸಿದ್ಧವಾಗಿದೆ. ಆತನು ಚೀನೀ ಭಾಷೆಯನ್ನು ಬಲ್ಲವನಾಗಿರಲಿಲ್ಲ. ಆತನು ಕೊಂಡಾಡಿದ ಕಾಳಿದಾಸನ ಶಾಕುಂತಲವೂ ಆತನಿಗೆ ಎರಡು ಕೈ ದಾಟಿ ಬಂದಿತ್ತು: ಸರ್ ವಿಲಿಯಂ ಜೋನ್ಸ್ ೧೭೮೯ರಲ್ಲಿ ಇಂಗ್ಲಿಷಿಗೆ ತಂದುದನ್ನು ಗೇಯೋರ್ಗ್ ಫಾರ್ಸ್ಟರ್ ೧೭೯೧ರಲ್ಲಿ ಜರ್ಮನ್ ಭಾಷೆಗೆ ತಿರುಗಿಸಿದ್ದನು. ಅನುವಾದದ ಅನುವಾದವನ್ನೋದಿ ಗಯಟೆಯು ಹಿಗ್ಗಿದನು. ಆ ಹಿಗ್ಗು ಸುಳ್ಳಲ್ಲ. ನಮ್ಮ ದೇಶದಲ್ಲಿ ರವೀಂದ್ರನಾಥ ಠಾಕೂರರು ೧೯೦೭ರಲ್ಲಿ ಕಲ್ಕತ್ತೆಯ ರಾಷ್ಟ್ರೀಯ ಶಿಕ್ಷಣ ಪರಿಷತ್ತಿನ ಆಶ್ರಯದಲ್ಲಿ ಈ ವಿಷಯವನ್ನು ಕುರಿತು ಉಪನ್ಯಾಸ ಮಾಡಿ, ಅದಕ್ಕೆ ವಿಶ್ವಸಾಹಿತ್ಯವೆಂದು ಹೆಸರಿಟ್ಟರು. ಆ ಪರಿಷತ್ತಿನ ಬೇರಿನಿಂದಲೇ ಬೆಳೆದ ಜಾದವಪುರ ವಿಶ್ವವಿದ್ಯಾಲಯದಲ್ಲಿ ೧೯೫೬ರಲ್ಲಿ ಕವಿ ಬುದ್ಧದೇವ ಬಸು ಅವರ ನೇತೃತ್ವದಲ್ಲಿ ತೌಲನಿಕ ಸಾಹಿತ್ಯದ ವಿಭಾಗವು ಸ್ಥಾಪಿತವಾಯಿತು. ನಮ್ಮ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಭಾಷಾಂತರ ಅಧ್ಯಯನಕ್ಕೆಂದೇ ಒಂದು ವಿಭಾಗವಿರುವುದನ್ನು ವಾಚಕರು ಬಲ್ಲರು.

ಇದು ಪಾಶ್ಚಾತ್ಯರಿಂದ ಬಂದ ಹೊಸ ವಿದ್ಯೆ, ನಮಗೆ ಹೊರಗಿನದು ಎಂದು ಭಾವಿಸುವವರೂ ನಮ್ಮಲ್ಲಿ ಇದ್ದಾರೆ. ಈ ಭಾವನೆ ಸಮೀಚೀನವಲ್ಲ. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ದ್ವಿಪದಿಯಲ್ಲಿ ರಚಿಸಿದ ಬಸವಪುರಾಣವನ್ನು ಭೀಮಕವಿಯು ೧೩೬೯ರಲ್ಲಿ ಕನ್ನಡ ಷಟ್ಪದಿಗೆ ತಂದನು. ಎರಡೇ ಪಾದಗಳಲ್ಲಿ ಓಡುವ ದ್ವಿಪದಿಯ ಕಥೆಯು ಆರು ಪಾದಗಳ ಷಟ್ಪದಿಗೆ ಬಂದಾಗ ಅದರ ನಡಿಗೆಯೇ ಬೇರೆಯಾಗುತ್ತದೆ. ಚಾಮರಸನ ಪ್ರಭುಲಿಂಗಲೀಲೆಯನ್ನು ಹದಿನೇಳನೆಯ ಶತಮಾನದಲ್ಲಿ ಶಿವಪ್ರಕಾಶ ಸ್ವಾಮಿಗಳು ತಮಿಳಿಗೆ ತಂದರು. ತಮಿಳು ನಾಡಿನಲ್ಲಿ ಅದು ತಮಿಳು ಕಾವ್ಯವೆಂದೇ ಮನ್ನಣೆ ಪಡೆಯಿತು. ತಮಿಳಿನ ಸೇಕ್ಕಿಳಾರ್ ಹಾಡಿದ ಅರುವತ್ತುಮೂವರು ಪುರಾತನರನ್ನು ಹರಿಹರನು ತನ್ನ ರಗಳೆಗಳಲ್ಲಿ ಕನ್ನಡಿಗರನ್ನಾಗಿ ಮಾಡಿದನು. ಅದಕ್ಕೂ ಮೊದಲೇ ಬಸವಣ್ಣನವರ ವಚನಗಳಲ್ಲಿ ಕಣ್ಣಪ್ಪನೂ ಸಿರಿಯಾಳನೂ ಮನೆಯವರಂತೆ ಬಂದು ಹೋಗುತ್ತಾರೆ. ಹೀಗೆ ಮೂರು ಭಾಷೆಗಳ ಭಕ್ತರು ಒಬ್ಬರನ್ನೊಬ್ಬರು ಅನುವಾದಿಸಿಕೊಂಡು ಬೆಳೆಸಿದ ವಾಙ್ಮಯ ನಮ್ಮದು. ತೌಲನಿಕ ಅಧ್ಯಯನಕ್ಕೆ ಇದಕ್ಕಿಂತ ಫಲವತ್ತಾದ ಕ್ಷೇತ್ರವನ್ನು ಹುಡುಕಿಕೊಂಡು ಸ್ಪೇನ್ ದೇಶಕ್ಕೆ ಹೋಗಬೇಕಾಗಿಲ್ಲ. ಹೋದರೂ ತಪ್ಪಿಲ್ಲ, ಇದನ್ನು ಕಂಡು ಹೋಗಬೇಕು.

ಈಗ ಅಂಕಿತದ ವಿಷಯಕ್ಕೆ ಬರೋಣ. ರಾಮಾನುಜನ್ ಅವರು ಅಂಕಿತಗಳನ್ನು ಹೆಸರುಗಳಾಗಿ ಉಳಿಸದೆ ಅವುಗಳ ಅರ್ಥವನ್ನು ಇಂಗ್ಲಿಷಿಗೆ ತಂದಿದ್ದಾರೆ. ಕೂಡಲಸಂಗಮದೇವನು ಕೂಡುವ ನದಿಗಳ ಒಡೆಯನಾದನು, ಗುಹೇಶ್ವರನು ಗುಹೆಗಳ ಒಡೆಯನಾದನು. ಇದರಿಂದ ಲಾಭವೂ ಉಂಟು, ನಷ್ಟವೂ ಉಂಟು. ಪರಭಾಷೆಯ ಓದುಗನಿಗೆ ಉಚ್ಚರಿಸಲಾಗದ ಹೆಸರಿನ ಬದಲು ಒಂದು ಚಿತ್ರ ದೊರೆಯುತ್ತದೆ. ನನ್ನ ಅನುಭವವನ್ನೇ ಹೇಳುವುದಾದರೆ, ಮೂವತ್ತು ವರ್ಷ ಅಕ್ಕನ ವಚನಗಳನ್ನು ಪಾಠ ಹೇಳಿದ ನನಗೆ ಆ ಅಂಕಿತದೊಳಗೆ ಮಲ್ಲಿಗೆಯಿರುವುದು ಮರೆತೇ ಹೋಗಿತ್ತು. ಚಂದ್ರಾವತಿಯೆಂಬ ರಾಜಕುಮಾರಿಯು ಮಲ್ಲಿಗೆಯ ಹೂಗಳಿಂದ ಪೂಜಿಸಿದುದರಿಂದ ಸ್ವಾಮಿಗೆ ಆ ಹೆಸರು ಬಂದಿತೆಂದು ಶ್ರೀಶೈಲದ ಸ್ಥಳಪುರಾಣವು ಹೇಳುವುದನ್ನು ಬಾಲ್ಯದಲ್ಲಿ ಕೇಳಿದ್ದೆ. ಇಂಗ್ಲಿಷ್ ಅನುವಾದವನ್ನು ಓದಿದಾಗಲೇ ಅದು ನೆನಪಿಗೆ ಬಂದಿತು. ನಿತ್ಯಬಳಕೆಯಿಂದ ಸವೆದ ಮಾತಿಗೆ ಅನುವಾದವು ಮತ್ತೆ ಹೊಳಪು ಕೊಡಬಲ್ಲುದು.

ನಷ್ಟವಾದರೂ ಏನು? ಮೊದಲನೆಯದಾಗಿ, ಹೆಸರು ಹೋಯಿತು. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ಮಲ್ಲಯ್ಯನ ಕಂಬಿ ಹೊತ್ತು, ಬಿಸಿಲಲ್ಲಿ ಬರಿಗಾಲಲ್ಲಿ ಶ್ರೀಶೈಲಕ್ಕೆ ನಡೆಯುವ ಭಕ್ತನಿಗೆ ಚೆನ್ನಮಲ್ಲಿಕಾರ್ಜುನನೆಂಬುದು ಬಣ್ಣವಲ್ಲ, ಉಪಮೆಯಲ್ಲ. ಕೂಗಿದರೆ ಓಗೊಡುವ ಒಬ್ಬನ ಹೆಸರು. ಅಕ್ಕನೂ ಉಡುತಡಿಯಿಂದ ಹೊರಟು ಕಲ್ಯಾಣವನ್ನು ಹಾದು ನಡೆದುಹೋದದ್ದು ಆ ಬೆಟ್ಟಕ್ಕೇ. ಎರಡನೆಯದಾಗಿ, ಆ ಹೆಸರಿನ ಮೊದಲಲ್ಲಿರುವ 'ಚೆನ್ನ' ಎಂಬ ಕನ್ನಡದ ಮಾತು ಮಲ್ಲಿಗೆಯ ಬಿಳುಪಿನಲ್ಲಿ ಕರಗಿಹೋಯಿತು. ಅಕ್ಕನ ಭಾವದ ಕೀಲಿ ಇರುವುದು ಆ ಚೆಲುವಿನಲ್ಲಿ, ಸಂಸ್ಕೃತದ ಅರ್ಜುನ ಶಬ್ದದಲ್ಲಿ ಅಲ್ಲ. ಮೂರನೆಯದಾಗಿ, ಒಡೆಯ ಎಂಬರ್ಥದ ಇಂಗ್ಲಿಷಿನ 'ಲಾರ್ಡ್' ಶಬ್ದವು ಬಂದು ಕುಳಿತಿತು. ಈ ಮೂರನೆಯದೇ ತೌಲನಿಕ ಅಧ್ಯಯನದ ದೃಷ್ಟಿಯಿಂದ ಎಲ್ಲಕ್ಕಿಂತ ಗಹನವಾದುದು.

ತೆರೇಸಳು (೧೫೧೫–೧೫೮೨) ಬರೆದದ್ದು ಸ್ಪ್ಯಾನಿಷ್ ಭಾಷೆಯಲ್ಲಿ. ನಮ್ಮ ವಿದ್ಯಾರ್ಥಿನಿ ಅದನ್ನೂ ಇಂಗ್ಲಿಷಿನಲ್ಲಿಯೇ ಓದಿದ್ದಳು. ಆಕೆಯ ಒಂದು ಕಡೆ ಇಂಗ್ಲಿಷಾದ ಅಕ್ಕ, ಇನ್ನೊಂದು ಕಡೆ ಇಂಗ್ಲಿಷಾದ ತೆರೇಸ. ಇಬ್ಬರ ಬಾಯಲ್ಲಿಯೂ ಅದೇ 'ಲಾರ್ಡ್', ಅದೇ 'ಸೋಲ್', ಅದೇ 'ಗ್ರೇಸ್'. ಶತಮಾನಗಳಿಂದ ಚರ್ಚಿನ ಪ್ರಾರ್ಥನೆಯಲ್ಲಿ ನೆನೆದು ಮೆತ್ತಗಾದ ಮಾತುಗಳಿವು. ಅಯ್ಯಾ, ಜೀವ, ಕರುಣ, ಪ್ರಸಾದ ಎಂಬ ನಮ್ಮ ಮಾತುಗಳು ಆ ಪಾತ್ರೆಗೆ ಬಿದ್ದೊಡನೆ ಅದೇ ವಾಸನೆಯನ್ನು ಪಡೆಯುತ್ತವೆ. ಇಬ್ಬರಿಗೂ ಒಂದೇ ಅಂಗಡಿಯ ಬಟ್ಟೆ ತೊಡಿಸಿ, ಬಟ್ಟೆಯ ಹೋಲಿಕೆಯಿಂದ ಒಡಹುಟ್ಟಿದವರೆಂದು ತೀರ್ಮಾನಿಸಿದಂತಾಯಿತು. ತುಲನೆಯಿಂದ ಯಾವುದನ್ನು ಸಾಧಿಸಬೇಕಾಗಿತ್ತೋ ಅದನ್ನು ಅನುವಾದವು ಮೊದಲೇ ಸಿದ್ಧಮಾಡಿಕೊಟ್ಟಿತ್ತು.

ಹಾಗಾದರೆ ಈ ತುಲನೆಯೇ ನಿಷ್ಪ್ರಯೋಜಕವೇ? ಅಲ್ಲ. ತೆರೇಸಳು ೧೫೭೭ರಲ್ಲಿ ಬರೆದ 'ಅಂತರಂಗದ ಕೋಟೆ' ಎಂಬ ಗ್ರಂಥದಲ್ಲಿ ಜೀವನನ್ನು ಒಂದು ಕೋಟೆಯೆಂದು ಕಲ್ಪಿಸಿ, ಅದರ ಏಳು ನೆಲೆಗಳನ್ನು ಒಂದೊಂದಾಗಿ ದಾಟಿ ನಡುಮನೆಯಲ್ಲಿರುವ ದೇವನನ್ನು ಸೇರುವ ಬಗೆಯನ್ನು ವಿವರಿಸಿದ್ದಾಳೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ನಮ್ಮ ಷಟ್ಸ್ಥಲವನ್ನು ಬಲ್ಲವನಿಗೆ ಇದು ಕುತೂಹಲಕರವಾದ ಸಾಮ್ಯ. ಆದರೆ ಸಾಮ್ಯದೊಳಗೆ ವೈಷಮ್ಯವನ್ನು ಕಾಣಬೇಕು. ತೆರೇಸಳ ಏಳನೆಯ ನೆಲೆಯಲ್ಲಿ ವಿವಾಹವುಂಟು. ವಧುವೂ ವರನೂ ಅಲ್ಲಿ ಇದ್ದೇ ಇರುತ್ತಾರೆ. ನಮ್ಮ ಐಕ್ಯಸ್ಥಲದಲ್ಲಿ ಶರಣಸತಿ ಲಿಂಗಪತಿ ಎಂಬ ಭಾವವೂ ಕಳಚಿಹೋಗಬೇಕು. ತೆರೇಸಳು ೧೫೬೨ರಲ್ಲಿ ಆವಿಲಾದಲ್ಲಿ ಹೊಸ ಕನ್ಯಾಮಠವನ್ನು ಸ್ಥಾಪಿಸಿ, ಸಂಸ್ಥೆಯ ಒಳಗಿದ್ದೇ ಅದನ್ನು ತಿದ್ದಿದಳು. ಅಕ್ಕನು ಮನೆಯನ್ನೂ ಅರಮನೆಯನ್ನೂ ತೊರೆದು ಬಯಲಿಗೆ ನಡೆದಳು. ಗೋಡೆಗಳ ಕೋಟೆಯು ಒಬ್ಬಳಿಗೆ ರೂಪಕವಾಗುವುದೇಕೆ, ಕದಳಿಯ ವನವು ಇನ್ನೊಬ್ಬಳಿಗೆ ಗುರಿಯಾಗುವುದೇಕೆ ಎಂದು ಕೇಳಿದಾಗ ನಿಜವಾದ ತುಲನೆ ಮೊದಲಾಗುತ್ತದೆ.

ಇನ್ನೆರಡು ಶಬ್ದಗಳನ್ನು ಪರಿಶೀಲಿಸೋಣ. ಸ್ಥಾವರ, ಜಂಗಮ ಎಂಬ ಜೋಡಿಯನ್ನು ರಾಮಾನುಜನ್ ಅವರು ನಿಂತದ್ದು, ಚಲಿಸುವುದು ಎಂಬರ್ಥದ ಸರಳ ಇಂಗ್ಲಿಷ್ ಮಾತುಗಳಲ್ಲಿ ತಂದಿದ್ದಾರೆ. ನಿಲ್ಲುವುದೆಂಬರ್ಥದ ಇಂಗ್ಲಿಷ್ ಧಾತುವೂ ಸಂಸ್ಕೃತದ ಸ್ಥಾ ಧಾತುವೂ ಒಂದೇ ಮೂಲದವು. ಭಾಷಾವಿಜ್ಞಾನಿಯ ಕಿವಿಯು ಇಲ್ಲಿ ಕೆಲಸ ಮಾಡಿದೆ. ಇದು ಮೆಚ್ಚತಕ್ಕದ್ದೇ. ಆದರೆ ಜಂಗಮವೆಂದರೆ ಚಲಿಸುವ ವಸ್ತು ಮಾತ್ರವಲ್ಲ. ಅಷ್ಟಾವರಣಗಳಲ್ಲಿ ಗುರು, ಲಿಂಗಗಳ ನಂತರದ ಸ್ಥಾನ ಅದಕ್ಕುಂಟು. ಅದು ಮನೆಬಾಗಿಲಿಗೆ ನಡೆದುಬರುವ ಶಿವ. ಅನುವಾದಕರು ತಮ್ಮ ದೀರ್ಘವಾದ ಪ್ರಸ್ತಾವನೆಯಲ್ಲಿ ಈ ಅರ್ಥಗಳನ್ನೂ ಬಿಡಿಸಿ ಹೇಳಿದ್ದಾರೆ. ನಮ್ಮ ವಿದ್ಯಾರ್ಥಿನಿಗೆ ತರಗತಿಯಲ್ಲಿ ದೊರೆತ ಜೆರಾಕ್ಸ್ ಹಾಳೆಗಳಲ್ಲಿ ಆ ಪ್ರಸ್ತಾವನೆ ಇರಲಿಲ್ಲ. ಅನುವಾದಕನು ಕೊಟ್ಟ ಊರುಗೋಲನ್ನು ಅಧ್ಯಾಪಕರು ಕಿತ್ತುಕೊಂಡರೆ ಎಡವುವವನ ತಪ್ಪು ಎಷ್ಟು?

ಇನ್ನೊಂದು ಶಬ್ದ ಕಾಯಕ. ಆಯ್ದಕ್ಕಿ ಮಾರಯ್ಯನ ಹೆಸರಿನೊಡನೆ ಎಲ್ಲರ ನಾಲಗೆಯ ಮೇಲಿರುವ ಕಾಯಕದ ಮಾತನ್ನು ದುಡಿಮೆಯೇ ಪೂಜೆಯೆಂಬ ಅರ್ಥದ ಇಂಗ್ಲಿಷ್ ನಾಣ್ನುಡಿಯಿಂದ ಅನುವಾದಿಸುವುದು ರೂಢಿಯಾಗಿದೆ. ಕಚೇರಿಗಳ ಗೋಡೆಗಳ ಮೇಲೂ ಅದನ್ನು ಕಾಣಬಹುದು. ಇದರ ಬೆನ್ನಿಗೆ ಬಸವಣ್ಣನವರನ್ನು ಯೂರೋಪಿನ ಪ್ರಾಟೆಸ್ಟೆಂಟ್ ಸುಧಾರಕರೊಡನೆ ತೂಗುವ ಪ್ರಬಂಧಗಳೂ ಹುಟ್ಟುತ್ತವೆ. ಆದರೆ ಮಾರಯ್ಯನ ಕಥೆಯನ್ನು ನೆನೆಯಬೇಕು. ಒಂದು ದಿನ ಆತನು ಬಸವಣ್ಣನವರ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮಡದಿ ಲಕ್ಕಮ್ಮನು ಅದನ್ನು ಒಪ್ಪಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದಳು. ದುಡಿಮೆಯನ್ನು ಹೊಗಳುವ ನಾಣ್ನುಡಿಯು ಇನ್ನಷ್ಟು ದುಡಿ ಎನ್ನುತ್ತದೆ. ಲಕ್ಕಮ್ಮನ ಕಾಯಕವು ಸಾಕು ಎನ್ನುವುದನ್ನು ಬಲ್ಲದು. ಅನುವಾದದಲ್ಲಿ ಶಬ್ದವೊಂದು ತಪ್ಪಿದರೆ ಇಲ್ಲಿ ನೀತಿಯೇ ತಲೆಕೆಳಗಾಗುತ್ತದೆ. 'ಸ್ಪೀಕಿಂಗ್ ಆಫ್ ಶಿವ'ದಲ್ಲಿರುವವರು ಬಸವಣ್ಣ, ದೇವರ ದಾಸಿಮಯ್ಯ, ಮಹಾದೇವಿಯಕ್ಕ, ಅಲ್ಲಮಪ್ರಭು ಈ ನಾಲ್ವರು ಮಾತ್ರ. ಲಕ್ಕಮ್ಮನು ಅಲ್ಲಿಲ್ಲ, ಚೆನ್ನಬಸವಣ್ಣ, ಸಿದ್ಧರಾಮರೂ ಇಲ್ಲ. ಒಂದು ಸಂಕಲನಕ್ಕೆ ಮಿತಿಯಿರುವುದು ಸಹಜ. ಆ ಮಿತಿಯನ್ನೇ ವಚನ ವಾಙ್ಮಯದ ಮೇರೆಯೆಂದು ಬಗೆಯುವುದು ಓದುವವನ ದೋಷ.

ಅನುವಾದಕರೆಲ್ಲರೂ ಒಂದೇ ದಾರಿ ಹಿಡಿದವರಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ೧೯೬೫ರಿಂದ ೧೯೭೨ರವರೆಗೆ ಶೂನ್ಯಸಂಪಾದನೆಯನ್ನು ಇಂಗ್ಲಿಷ್ ಅನುವಾದ ಸಹಿತ ಐದು ಸಂಪುಟಗಳಲ್ಲಿ ಪ್ರಕಟಿಸಿತು. ಡಾ. ಎಸ್. ಸಿ. ನಂದೀಮಠ, ಪ್ರೊ. ಭೂಸನೂರಮಠ, ಪ್ರೊ. ಆರ್ಮಾಂಡೊ ಮೆನೆಜಿಸ್, ಡಾ. ಆರ್. ಸಿ. ಹಿರೇಮಠ ಮೊದಲಾದವರು ಅದಕ್ಕಾಗಿ ದುಡಿದರು. ಅಲ್ಲಿಯ ಇಂಗ್ಲಿಷು ರಾಮಾನುಜನ್ ಅವರದರಷ್ಟು ಹಗುರವಲ್ಲ. ಆದರೆ ಅಲ್ಲಮನ ವಚನವು ಅಲ್ಲಿ ಒಂಟಿಯಾಗಿ ನಿಲ್ಲದೆ, ಯಾರ ಪ್ರಶ್ನೆಗೆ ಉತ್ತರವಾಗಿ ಬಂದಿತೆಂಬುದರೊಡನೆ ನಿಲ್ಲುತ್ತದೆ. ಸಿರಿಗೆರೆಯ ಅಣ್ಣನ ಬಳಗವು ೧೯೬೭ರಲ್ಲಿ ಬಸವಣ್ಣನವರ ವಚನಗಳನ್ನು ಮೆನೆಜಿಸ್ ಮತ್ತು ಅಂಗಡಿ ಅವರ ಅನುವಾದದಲ್ಲಿ ಹೊರತಂದಿತು. ೧೯೯೨ರಲ್ಲಿ ತೇಜಸ್ವಿನಿ ನಿರಂಜನ ಅವರು ಅನುವಾದವನ್ನು ಕುರಿತ ತಮ್ಮ ಗ್ರಂಥದಲ್ಲಿ ಅಲ್ಲಮನ ವಚನದ ಹಿಂದಿನ ಅನುವಾದಗಳನ್ನು ಪರೀಕ್ಷಿಸಿ, ಗುಹೇಶ್ವರನೆಂಬ ಹೆಸರನ್ನು ಹಾಗೆಯೇ ಉಳಿಸಿಕೊಂಡು ತಾವೇ ಅನುವಾದಿಸಿ ತೋರಿಸಿದರು. ೨೦೧೨ರಲ್ಲಿ ಡಾ. ಎಂ. ಎಂ. ಕಲಬುರ್ಗಿ ಅವರ ಪ್ರಧಾನ ಸಂಪಾದಕತ್ವದಲ್ಲಿ ಬೆಂಗಳೂರಿನ ಬಸವ ಸಮಿತಿಯು ವಚನಗಳನ್ನು ಭಾರತದ ಅನೇಕ ಭಾಷೆಗಳಿಗೆ ತರಿಸಿತು. ಇವೆಲ್ಲವನ್ನೂ ಒಟ್ಟಿಗೆ ಇಟ್ಟು ಓದುವ ವಿದ್ಯಾರ್ಥಿಗೆ ಅನುವಾದವೆಂಬುದು ಮೂಲದ ಪ್ರತಿಬಿಂಬವಲ್ಲ, ಒಂದು ಟೀಕೆ ಎಂಬುದು ತಾನಾಗಿಯೇ ತಿಳಿಯುತ್ತದೆ. ನಮ್ಮ ಹಿರಿಯರು ಬೆಡಗಿನ ವಚನಗಳಿಗೆ ಟೀಕು ಬರೆದರು. ಅನುವಾದವು ಪರಭಾಷೆಯಲ್ಲಿ ಬರೆದ ಟೀಕು. ಟೀಕಾಕಾರನನ್ನು ಗೌರವಿಸುತ್ತೇವೆ, ಆದರೆ ಅವನ ಮಾತನ್ನು ವಚನಕಾರನ ಮಾತೆಂದು ಉದ್ಧರಿಸುವುದಿಲ್ಲ.

ಈ ಕಾರಣದಿಂದ ಮೂರು ಸೂಚನೆಗಳನ್ನು ವಿನಯಪೂರ್ವಕ ಮುಂದಿಡುತ್ತೇನೆ. ತೌಲನಿಕ ಸಾಹಿತ್ಯದ ವಿದ್ಯಾರ್ಥಿಯು ತಾನು ತುಲನೆ ಮಾಡುವ ಎರಡು ಭಾಷೆಗಳಲ್ಲಿ ಒಂದನ್ನಾದರೂ ಮೂಲದಲ್ಲಿ ಓದಬಲ್ಲವನಾಗಿರಬೇಕು. ಮತ್ತೊಂದಕ್ಕೆ ಒಂದಕ್ಕಿಂತ ಹೆಚ್ಚು ಅನುವಾದಗಳನ್ನು ನೋಡಬೇಕು. ಅನುವಾದದ ಪಕ್ಕದಲ್ಲಿ ಮೂಲವನ್ನು ಇಡಬೇಕು. ರಾಮಾನುಜನ್ ಅವರು ಬಸವಣ್ಣನವರ ವಚನಗಳಿಗೆ ಬಸವನಾಳರ ಸಂಪಾದನೆಯ ಸಂಖ್ಯೆಗಳನ್ನೇ ಕೊಟ್ಟಿರುವುದರಿಂದ ಇದು ಕಷ್ಟವಲ್ಲ. ಮೂರನೆಯದಾಗಿ, ಪ್ರತಿ ವಿದ್ಯಾರ್ಥಿಯೂ ತಾನೇ ಒಂದು ವಚನವನ್ನಾದರೂ ಅನುವಾದಿಸಬೇಕು. ಎಲ್ಲಿ ತನ್ನ ಕೈ ಸೋಲುತ್ತದೆಯೋ ಅಲ್ಲಿ ಮೂಲದ ಬಲವಿದೆಯೆಂದು ಅವನಿಗೆ ಅರಿವಾಗುತ್ತದೆ.

ಈ ಕೊನೆಯ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ. ನಾನು ಅಧ್ಯಾಪಕನಾಗಿದ್ದ ಗಡಿಯ ಊರಿನ ಪ್ರೌಢಶಾಲೆಯಲ್ಲಿ ಕನ್ನಡ, ತೆಲುಗು, ಉರ್ದು ಮನೆಮಾತಿನ ಮಕ್ಕಳು ಒಟ್ಟಿಗೆ ಓದುತ್ತಿದ್ದರು. ಒಮ್ಮೆ ದಾಸೋಹವೆಂಬ ಮಾತನ್ನು ನಿಮ್ಮ ನಿಮ್ಮ ಮನೆಮಾತಿನಲ್ಲಿ ಹೇಳಿರೆಂದೆ. ಉರ್ದು ಮನೆಮಾತಿನ ಹುಡುಗನು 'ಖೈರಾತ್' ಎಂದನು. ತೆಲುಗಿನ ಹುಡುಗಿ 'ದಾನಂ' ಎಂದಳು. ಹಿಂದಿನ ಸಾಲಿನಿಂದ ಇನ್ನೊಬ್ಬ ಹುಡುಗನು ಎದ್ದು, ಮಠದಲ್ಲಿ ತನ್ನ ತಂದೆ ದಾಸೋಹಕ್ಕೆ ಜೋಳ ಕೊಟ್ಟು, ತಾನೇ ಎಲೆಯನ್ನೂ ತೆಗೆಯುತ್ತಾನೆಂದೂ, ದಾನ ಕೊಟ್ಟವನು ಎಲೆ ತೆಗೆಯುವುದುಂಟೇ ಎಂದೂ ಕೇಳಿದನು. ದಾಸೋಹಂ, ನಾನು ದಾಸನು ಎಂಬ ಆ ಶಬ್ದದ ಅರ್ಥವನ್ನು ನಾನು ಹಲಗೆಯ ಮೇಲೆ ಬರೆಯುವ ಮುನ್ನವೇ ಆ ಹುಡುಗನು ಬಿಡಿಸಿದ್ದನು. ಮೂರು ಮನೆಮಾತುಗಳು ಸೇರಿ ಸೋತ ಆ ಗಳಿಗೆಯಲ್ಲಿ ಇಡೀ ತರಗತಿಗೆ ಆ ಶಬ್ದವು ದಕ್ಕಿತು. ನಮ್ಮ ಮಠಗಳು ನಡೆಸುವ ಶಾಲೆ ಕಾಲೇಜುಗಳಲ್ಲಿ ಇಂಥ ಅಭ್ಯಾಸಕ್ಕೆ ವೆಚ್ಚವೇನೂ ಇಲ್ಲ.

ನಮ್ಮ ವಿದ್ಯಾರ್ಥಿನಿಯು ಪ್ರಬಂಧವನ್ನು ತಿರುಗಿ ಬರೆಯಲು ಕುಳಿತಳು. ಬಿಳುಪಿನ ನಾಲ್ಕು ಪುಟಗಳನ್ನು ಪೂರ್ತಿಯಾಗಿ ತೆಗೆದುಹಾಕಲು ನಾನು ಹೇಳಲಿಲ್ಲ. ಅದು ಅಕ್ಕನ ಬಿಳುಪಲ್ಲ, ಅನುವಾದಕನು ಕಂಡ ಬಿಳುಪು ಎಂದು ಮೊದಲಿಗೆ ಒಂದು ವಾಕ್ಯವನ್ನು ಸೇರಿಸಿಕೊಳ್ಳೆಂದೆ. ಆ ಒಂದು ವಾಕ್ಯದಿಂದ ಮುಂದಿನ ಪುಟಗಳೆಲ್ಲವೂ ಬದಲಾಗಬೇಕಾಯಿತೆಂದು ಆಕೆ ಆಮೇಲೆ ಹೇಳಿದಳು. ಹೊರಡುವ ದಿನ ಸಮಗ್ರ ವಚನ ಸಂಪುಟದ ಶಿವಶರಣೆಯರ ಸಂಪುಟವನ್ನು ಕೇಳಿ ಪಡೆದು ಒಯ್ದಿದ್ದಾಳೆ, ಲಕ್ಕಮ್ಮನನ್ನು ಅನುವಾದಿಸುತ್ತಾಳಂತೆ. ಸಾಕು ಎಂಬ ಕನ್ನಡದ ಮಾತಿಗೆ ಇಂಗ್ಲಿಷಿನಲ್ಲಿ ಏನು ಬರೆಯಲಿ ಎಂದು ಪತ್ರ ಬರೆದಿದ್ದಾಳೆ. ನನಗೂ ತಿಳಿಯದೆ, ಉತ್ತರವನ್ನು ಇನ್ನೂ ಬರೆದಿಲ್ಲ. ಬಲ್ಲ ಶರಣರು ತಿಳಿಸಿದರೆ ಉಪಕೃತನಾಗುತ್ತೇನೆ.